ಅಳೆದವರು ಹೋದರು, ಅಳತೆ ಎಲ್ಲಿ ಹೋಯ್ತು?

ಹೆಗಲಿಗೆ ಚೀಲ, ಕೈಯಲ್ಲಿ ಫಾರ್ಮು. ‘ಕಾಕಾ, ಒಂದೈದು ನಿಮಿಷ’ ಅಂತ ಅಂಗಡಿ ಮೆಟ್ಟಿಲ ಹತ್ತಿರ ಬಂದು ನಿಂತ ಕಾಲೇಜು ಹುಡುಗನನ್ನು ನೋಡದ ವ್ಯಾಪಾರಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಕಡಿಮೆ. ಮನ್ಯಾಗ ಎಷ್ಟ ಮಂದಿ? ಮಗ್ಗ ಎಷ್ಟು? ಸಾಲ ಎಷ್ಟು? ನೀರು ಎಲ್ಲಿಂದ ತರ್ತೀರಿ? ಹೇಳಿದ್ದನ್ನೆಲ್ಲ ಹುಡುಗ ಬರಕೊಂಡ, ಚಹಾ ಕುಡಿದ, ಬಸ್ ಹತ್ತಿದ. ಫಾರ್ಮು ಮುಂದೆ ಪುಸ್ತಕ ಆಯ್ತು, ಹುಡುಗ ಡಾಕ್ಟರ್ ಆದ. ಒಳ್ಳೇದೇ ಆಯ್ತು. ಆದರೆ ಉತ್ತರ ಕೊಟ್ಟ ಕಾಕಾನಿಗೆ ಏನು ತಿಳೀತು?

ಈ ಪ್ರಶ್ನೆ ಈಗ ಕೇಳೋದಕ್ಕೆ ಕಾರಣ ಇದೆ. ಬಾಗಲಕೋಟೆ ಜಿಲ್ಲೆಯ ಹೆಸರಿನ ವಿಶ್ವವಿದ್ಯಾಲಯ 2023ರಲ್ಲಿ ಜಮಖಂಡಿಯಲ್ಲೇ ಹುಟ್ಟಿತು. ಹುಟ್ಟಿ ಎರಡು ವರ್ಷ ಆಗೋದರೊಳಗೆ, 2025ರಲ್ಲಿ, ಇಂಥ ಹೊಸ ವಿಶ್ವವಿದ್ಯಾಲಯಗಳು ಬೇಕೋ ಬೇಡವೋ ಎಂಬ ಚರ್ಚೆಯೂ ಬೆಂಗಳೂರಿನಲ್ಲಿ ಎದ್ದಿತು. ಮುಧೋಳದ ಬಳೆಗಾರರ ಮನೆಯ ರನ್ನ ಹತ್ತನೆಯ ಶತಮಾನದಲ್ಲಿ ವಿದ್ಯೆಗಾಗಿ ಶ್ರವಣಬೆಳಗೊಳದ ತನಕ ಹೋಗಬೇಕಾಯಿತು. ಇಂದಿನ ಬಳೆ ಅಂಗಡಿಯ ಹುಡುಗನಿಗೆ ಜಮಖಂಡಿ ಬಸ್ ಸಾಕು. ಆದರೆ ಕಲಿತು ಬಂದವನು ಊರಿನ ಯಾವ ಗಂಟು ಬಿಡಿಸ್ತಾನೆ? ಗಂಟುಗಳಂತೂ ಬಸ್ ಹಾದಿಯ ಎರಡೂ ಬದಿಗೆ ಬಿದ್ದಿವೆ.

ಬನಹಟ್ಟಿ: ಕಿವಿಯ ಲೆಕ್ಕ

ಬನಹಟ್ಟಿಯ ಓಣಿ ಹೊಕ್ಕರೆ ಮೊದಲು ಬರೋದು ಮಗ್ಗದ ಸದ್ದು. ಲಾಳಿ ಹೊಡೆಯುವ ವಿದ್ಯುತ್ ಮಗ್ಗದ ಕೋಣೆಯಲ್ಲಿ ಸದ್ದು 90 ಡೆಸಿಬಲ್ ದಾಟುತ್ತದೆ ಎಂಬುದು ಬಹಳ ದೇಶಗಳಲ್ಲಿ ಅಳೆದು ನೋಡಿದ ಸಂಗತಿ. ದಿನಕ್ಕೆ ಎಂಟು ತಾಸು ದುಡಿಯುವವನ ಕಿವಿಗೆ ಕಾರ್ಖಾನೆ ನಿಯಮ ಹಾಕಿದ ಗೆರೆಯೂ ಅದೇ 90. ಸದ್ದು 95ಕ್ಕೆ ಏರಿದರೆ ನಾಲ್ಕೇ ತಾಸು, 100ಕ್ಕೆ ಏರಿದರೆ ಎರಡೇ ತಾಸು.

ಈ ಕಿವುಡುತನ ಒಂದೇ ದಿನ ಬರೋದಿಲ್ಲ. ಮೊದಲು ಹೋಗೋದು ಸಣ್ಣ, ಚೂಪು ದನಿ. ಹಕ್ಕಿ ಕೂಗು ಕೇಳಿಸದು, ಕೂಸಿನ ಮಾತು ಮಸುಕಾಗ್ತದೆ. ‘ಜೋರಾಗಿ ಮಾತಾಡ್ರೋ’ ಅಂತ ಮನೆಯವರ ಮೇಲೆ ರೇಗುವಾಗ ಹೊತ್ತು ಮೀರಿರುತ್ತದೆ. ಒಮ್ಮೆ ಸತ್ತ ಒಳಗಿವಿಯ ನರ ಮತ್ತೆ ಚಿಗುರುವುದಿಲ್ಲ. ಹತ್ತಿಯ ಧೂಳಿನಿಂದ ಬರುವ ‘ಬಿಸಿನೋಸಿಸ್’ ಎಂಬ ಎದೆರೋಗವೂ ಇದೆ. ಅದರ ಕಾಟ ನೂಲುವ ಗಿರಣಿಗಳಲ್ಲಿ ಹೆಚ್ಚು. ರಜೆ ಮುಗಿದ ಮೊದಲ ದಿನವೇ ಎದೆ ಬಿಗಿಯೋದು ಅದರ ಗುರುತು.

ಎರಡೂ ರೋಗಗಳು 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಗೆ ಸೇರಿದ್ದವು. ಆದರೆ ಪಡಸಾಲೆಯಲ್ಲಿ ಕೂತ ನಾಲ್ಕು ಮಗ್ಗ ಆ ಕಾಯ್ದೆಯ ಕಣ್ಣಿಗೆ ಕಾರ್ಖಾನೆಯೇ ಆಗಿರಲಿಲ್ಲ! ಅಲ್ಲೇ ಅಡಿಗೆ, ಅಲ್ಲೇ ತೊಟ್ಟಿಲು, ಅಲ್ಲೇ ಮಗ್ಗ. ನೇಕಾರನ ಜೊತೆ ಕೂಸಿನ ಕಿವಿಯೂ ದುಡಿಯುತ್ತದೆ. ಇಂಥ ಮನೆಗಳ ಲೆಕ್ಕ ಹಿಡಿಯಬೇಕಾದವರು ಸಂಶೋಧಕರೇ. ಲೆಕ್ಕ ಹಿಡಿದ ಮೇಲೆ ಕಿವಿಗೆ ಹಾಕುವ ಬೆಣೆಯನ್ನೂ ತೋರಿಸಿ ಹೋದರೆ ಅವರ ಗಂಟೇನೂ ಹೋಗೋದಿಲ್ಲ.

ಜಮಖಂಡಿ: ಪದವಿ ಇಲ್ಲದ ಎಂಜಿನಿಯರಿಂಗ್

ಇನ್ನು ಎಂಜಿನಿಯರಿಂಗ್ ಮಾತು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡ ನಿಂತ ‘ಶ್ರಮಬಿಂದು ಸಾಗರ’ ಬ್ಯಾರೇಜನ್ನು 1989ರಲ್ಲಿ ಕಟ್ಟಿದ್ದು ರೈತರು. ಸರಕಾರದ ದಾರಿ ಕಾದು ಸಾಕಾಗಿ ತಾವೇ ವಂತಿಗೆ ಹಾಕಿದರು, ತಾವೇ ಕಲ್ಲು-ಮಣ್ಣು ಹೊತ್ತರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜನ ಅವರಿಗೆ ‘ಬ್ಯಾರೇಜ್ ಸಿದ್ದು’ ಅಂತಲೇ ಹೆಸರಿಟ್ಟರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನೇ ಸೋಲಿಸಿ ದಿಲ್ಲಿಗೆ ಹೋದರು, ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು.

ಬ್ಯಾರೇಜಿನ ಕೆಲಸ ಸರಳ. ಮಳೆಗಾಲದ ಹೊಳೆಯನ್ನು ಬಿಟ್ಟುಬಿಡಬೇಕು; ಇಳಿಮುಖ ಆದ ಮೇಲೆ ತಡೆ ಹಾಕಬೇಕು. ನೀರು ಊರ ಮೇಲೆ ಹರಡೋದಿಲ್ಲ, ಹೊಳೆಯ ಪಾತ್ರದಲ್ಲೇ ನಿಲ್ಲುತ್ತದೆ. ದಂಡೆಯ ಪಂಪು ಬೇಸಗೆಯಲ್ಲೂ ನೀರೆತ್ತುತ್ತದೆ. ಇಲ್ಲಿ ವಿಶ್ವವಿದ್ಯಾಲಯ ರೈತನಿಗೆ ಪಾಠ ಹೇಳುವುದಕ್ಕಿಂತ ರೈತನ ಹತ್ತಿರ ಪಾಠ ಕೇಳಬೇಕು. ಎಷ್ಟು ಖರ್ಚಾಯ್ತು, ಎಷ್ಟು ಎಕರೆ ತೊಯ್ತು, ನೀರು ಹಂಚಿದ್ದು ಹ್ಯಾಗೆ, ಜಗಳ ಬಿಡಿಸಿದವರು ಯಾರು? ಕಟ್ಟಿದ ತಲೆಮಾರು ಇನ್ನೂ ಕಟ್ಟೆಯ ಮೇಲೆ ಕೂತಿರುವಾಗಲೇ ಇದನ್ನು ಬರೆದಿಡಬೇಕು.

ಮುಧೋಳ: ನೀರೇ ಮುನಿದರೆ

ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು. ಹಿಂದೆಯೇ ಸವಳೂ ಬಂತು. ಎರಿ ಹೊಲಕ್ಕೆ ಕಾಲುವೆ ನೀರು ಬೇಕಾಬಿಟ್ಟಿ ಬಿಟ್ಟರೆ ಅದು ಬಸಿದು ಹೋಗೋದಿಲ್ಲ. ಅಡಿಯ ನೀರು ಮೇಲೇರಿ ಬೇರಿಗೆ ತಾಗುತ್ತದೆ. ಅದು ಜವಳು. ಆ ನೀರು ಬಿಸಿಲಿಗೆ ಆರಿದಾಗ ಅದರೊಳಗಿನ ಉಪ್ಪು ಮೇಲೆ ಉಳಿಯುತ್ತದೆ. ಅದು ಸವಳು. ಹೊಲದ ತುಂಬ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಂಡರೆ ತಿಳೀಬೇಕು, ಭೂಮಿ ಸೋಲ್ತಾ ಇದೆ.

ಇದಕ್ಕೆ ಮದ್ದಿಲ್ಲವೇ? ಇದೆ. ಹರಿಯಾಣದ ಕರ್ನಾಲಿನಲ್ಲಿ 1969ರಲ್ಲೇ ಸವಳು ಭೂಮಿಗಾಗಿ ಕೇಂದ್ರ ಸಂಶೋಧನಾ ಸಂಸ್ಥೆ ಶುರುವಾಯಿತು. ಕರ್ನಾಟಕದಲ್ಲೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೇ ಕೆಲಸ ಮಾಡಿಕೊಂಡು ಬಂದಿದೆ. ನೆಲದೊಳಗೆ ತೂತಿನ ಪೈಪು ಹಾಸಿ ಉಪ್ಪು ನೀರನ್ನು ಬಸಿಗಾಲುವೆಗೆ ಸಾಗಿಸೋದು ಒಂದು ದಾರಿ. ಮಣ್ಣಿನ ರಸಸಾರ 8.5 ದಾಟಿ ಅದು ಕ್ಷಾರವಾಗಿದ್ದರೆ ಜಿಪ್ಸಂ ಬೇಕು. ಬರೀ ಸವಳಿಗೆ ಜಿಪ್ಸಂ ಸುರಿದರೆ ರೊಕ್ಕ ದಂಡ. ಯಾವುದು ಅಂತ ಗೊತ್ತಾಗೋದು ಮಣ್ಣು ಪರೀಕ್ಷೆಯಿಂದ ಮಾತ್ರ. ಇನ್ನೊಂದು ಮಾತು: ಒಬ್ಬನ ಹೊಲ ಬಸಿಯಬೇಕಾದರೆ ಆ ನೀರು ಬಾಜೂ ಹೊಲ ದಾಟಲೇಬೇಕು. ಅಣ್ಣ-ತಮ್ಮರೇ ಬದುವಿಗಾಗಿ ಕೋರ್ಟು ಹತ್ತುವ ಕಾಲದಲ್ಲಿ ಪೈಪಿನ ಲೆಕ್ಕಕ್ಕಿಂತ ಮನಸ್ಸಿನ ಲೆಕ್ಕ ಕಠಿಣ. ಪರಿಸರದವರೂ ಸಮಾಜಶಾಸ್ತ್ರದವರೂ ಕೂಡಿ ಬರಬೇಕಾದ್ದು ಇಲ್ಲಿಯೇ.

ಮುಧೋಳಕ್ಕೆ ಸಂಶೋಧನೆಯ ರುಚಿ ಗೊತ್ತಿಲ್ಲದ್ದೇನಲ್ಲ. ಇಲ್ಲಿನ ಬೇಟೆನಾಯಿ ತಳಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೇ ಇದೆ. 2005ರಲ್ಲಿ ಮುಧೋಳ ನಾಯಿ ಅಂಚೆಚೀಟಿಯ ಮೇಲೂ ಬಂತು. ನಾಯಿಗೆ ಸಿಕ್ಕ ಕಾಳಜಿ ನೆಲಕ್ಕೂ ಸಿಗಲಿ ಅಂದರೆ ತಪ್ಪಲ್ಲ.

ಬೀಳಗಿ: ಹದಿನೈದು ಅಡಿಯ ಪ್ರಶ್ನೆ

ಬೀಳಗಿಯ ಲೆಕ್ಕ ಮೀಟರಿನದು. ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ ನೀರು ನಿಲ್ಲೋದು 519.60 ಮೀಟರಿಗೆ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ನಡುವಿನ ಅಂತರ ಹದಿನೈದು ಅಡಿ ಚಿಲ್ಲರೆ. ಕೇಳೋದಕ್ಕೆ ಸಣ್ಣದು, ಅದರಡಿಗೆ ಹೋಗೋದು ಹೊಲ, ಮನೆ, ಗುಡಿ, ಮಸೀದಿ, ಹಿರಿಯರ ಗೋರಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆ ಹೊಲಕ್ಕೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣ ಬೇಸಾಯಕ್ಕೆ 30 ಲಕ್ಷ ಎಂದು ನಿರ್ಧರಿಸಿತು. ಅಂದಮೇಲೆ ಉತಾರದಲ್ಲಿ ಬರೆದ ಒಂದು ಶಬ್ದದ ಬೆಲೆ ಹತ್ತು ಲಕ್ಷ! ಅಳತೆ ಎಂದರೆ ಹುಡುಗಾಟ ಅಲ್ಲ ಅನ್ನೋದು ಇಲ್ಲಿ ಗೊತ್ತಾಗ್ತದೆ.

ರೊಕ್ಕ ಕೈಗೆ ಬಂದ ಮೇಲೆ ಐದು ವರ್ಷಕ್ಕೆ ಆ ಮನೆ ಹ್ಯಾಗಿದೆ? ಗೇಣಿಗೆ ದುಡಿಯುತ್ತಿದ್ದವನು, ಹೊಲವೇ ಇಲ್ಲದ ಕೂಲಿಯವನು ಎಲ್ಲಿಗೆ ಹೋದ? ಊರು ಎದ್ದು ಹೋದ ಮೇಲೆ ಉದ್ರಿ ಕೊಟ್ಟ ಅಂಗಡಿಕಾರ ಯಾರ ಹತ್ತಿರ ವಸೂಲಿ ಮಾಡಬೇಕು? ಈ ಪ್ರಶ್ನೆಗಳು ಎಂಜಿನಿಯರನ ನಕ್ಷೆಯಲ್ಲಿ ಬರೋದಿಲ್ಲ.

ಕನ್ನಡದಲ್ಲಿ ಹೇಳಲಿ

2013ರ ಭೂಸ್ವಾಧೀನ ಕಾಯ್ದೆಯೇ ಒಂದು ಒಳ್ಳೆಯ ಮಾತು ಹೇಳಿದೆ: ಸಾಮಾಜಿಕ ಪರಿಣಾಮದ ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿ, ಪುರಸಭೆಗಳಿಗೆ ತಲುಪಿಸಬೇಕು, ಜನರ ಅಹವಾಲು ಕೇಳಬೇಕು. ಜಮೀನು ತೆಗೆದುಕೊಳ್ಳುವ ಸರಕಾರಕ್ಕೆ ಈ ನಿಯಮ ಇರುವಾಗ ಮಾಹಿತಿ ತೆಗೆದುಕೊಳ್ಳುವ ವಿದ್ವಾಂಸರಿಗೆ ಯಾಕಿರಬಾರದು? ದೇಶದ ಪಿಎಚ್‌ಡಿ ಗ್ರಂಥಗಳು ‘ಶೋಧಗಂಗಾ’ ಎಂಬ ಗಣಕ ಭಂಡಾರದಲ್ಲಿ ಪುಕ್ಕಟೆ ಸಿಗುತ್ತವೆ, ನಿಜ. ಆದರೆ ಬಹಳಷ್ಟು ಇಂಗ್ಲಿಷಿನವು, ಮುನ್ನೂರು ಪುಟದವು. ಮಗ್ಗ ನಿಲ್ಲಿಸಿ ಅದನ್ನು ಓದುವವರು ಯಾರು?

ಬೇಕಾಗಿರೋದು ದೊಡ್ಡದೇನಲ್ಲ. ಪುಸ್ತಕ ಮುಗಿಸಿದವನು ಎರಡು ಪುಟದ ಕನ್ನಡ ಸಾರಾಂಶ ಬರೆದು ಊರ ಗ್ರಂಥಾಲಯಕ್ಕೆ ಒಂದು, ಪುರಸಭೆಗೆ ಒಂದು ಪ್ರತಿ ಕೊಡಲಿ. ಸಂತೆಯ ದಿನ ಬಂದು ಅರ್ಧ ತಾಸು ಮಾತಾಡಲಿ. ವಿಶ್ವವಿದ್ಯಾಲಯ ಹೀಗೆ ಊರಿಗೆ ಬೇಕಾದದ್ದಾದರೆ ಅದನ್ನು ಮುಚ್ಚುವ ಮಾತು ಬಂದಾಗ ಅಡ್ಡ ನಿಲ್ಲೋದಕ್ಕೆ ಊರೇ ಬರುತ್ತದೆ.

ಅಲ್ಲೀತನಕ ಅಂಗಡಿಕಾರರಿಗೆ ಒಂದೇ ಉಪಾಯ. ಮುಂದಿನ ಸಲ ಫಾರ್ಮು ಹಿಡಿದವನು ಬಂದರೆ ಚಹಾ ಕೊಡಿ, ಉತ್ತರವನ್ನೂ ಕೊಡಿ. ಕೊನೆಗೆ ಒಂದು ಪ್ರಶ್ನೆ ನೀವೂ ಕೇಳಿ: ‘ತಮ್ಮಾ, ಇದರ ಉತ್ತರ ತಿಳಿಸಾಕ ಮತ್ತ ಯಾವಾಗ ಬರ್ತಿ?’