ಹೋಸ್ಟ್ ಮೆಮೊರಿ ಬಫರ್

ಹೋಸ್ಟ್ ಮೆಮೊರಿ ಬಫರ್ (ಎಚ್‌ಎಂಬಿ) ಎಂಬುದು ಫ್ಲ್ಯಾಶ್ ಶೇಖರಣಾ ಸಾಧನವು ತನ್ನ ವಿಳಾಸಪಟ್ಟಿಯ ಒಂದು ಭಾಗವನ್ನು ಗಣಕದ ಮುಖ್ಯ ಸ್ಮೃತಿಯಲ್ಲಿ (ರ‍್ಯಾಮ್) ಇರಿಸಿಕೊಂಡು ದತ್ತಾಂಶವನ್ನು ಓದುವ ವೇಗವನ್ನು ಹೆಚ್ಚಿಸಿಕೊಳ್ಳುವ ತಂತ್ರವಾಗಿದೆ. ಸ್ವಂತ ಡಿರ‍್ಯಾಮ್ ಚಿಪ್ ಇಲ್ಲದ ಕಡಿಮೆ ಬೆಲೆಯ ಎಸ್‌ಎಸ್‌ಡಿಗಳಲ್ಲಿ ಇದು ಹೆಚ್ಚಾಗಿ ಬಳಕೆಯಲ್ಲಿದೆ. 2014ರಲ್ಲಿ ಪ್ರಕಟವಾದ ಎನ್‌ವಿಎಂಇ 1.2 ಮಾನಕದಲ್ಲಿ ಇದನ್ನು ಸೇರಿಸಲಾಯಿತು. ಮೊಬೈಲ್ ಫೋನುಗಳ ಯುಎಫ್ಎಸ್ ಶೇಖರಣೆಗಾಗಿ ರೂಪುಗೊಂಡ ಹೋಸ್ಟ್ ಪರ್ಫಾರ್ಮೆನ್ಸ್ ಬೂಸ್ಟರ್ (ಎಚ್‌ಪಿಬಿ) ಇದೇ ತತ್ತ್ವವನ್ನು ಆಧರಿಸಿದೆ.

ಹಿನ್ನೆಲೆ

ನ್ಯಾಂಡ್ ಫ್ಲ್ಯಾಶ್‌ನಲ್ಲಿ ಬರೆದ ಪುಟದ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಹಲವು ಪುಟಗಳನ್ನೊಳಗೊಂಡ ಇಡೀ ಬ್ಲಾಕನ್ನು ಮೊದಲು ಅಳಿಸಬೇಕಾಗುತ್ತದೆ. ಆದ್ದರಿಂದ ಬದಲಾದ ದತ್ತಾಂಶವನ್ನು ಸಾಧನವು ಪ್ರತಿ ಸಲವೂ ಹೊಸ ಜಾಗದಲ್ಲಿ ಬರೆಯುತ್ತದೆ. ಕಾರ್ಯಾಚರಣ ವ್ಯವಸ್ಥೆಯು ಬಳಸುವ ತಾರ್ಕಿಕ ವಿಳಾಸವು ಚಿಪ್‌ನ ಯಾವ ಭೌತಿಕ ವಿಳಾಸಕ್ಕೆ ಸಲ್ಲುತ್ತದೆ ಎಂಬುದನ್ನು ತಿಳಿಸುವ ಪಟ್ಟಿಯೊಂದು ಇದಕ್ಕೆ ಅಗತ್ಯ. ಈ ಪಟ್ಟಿಯನ್ನು ನಿರ್ವಹಿಸುವ ತಂತ್ರಾಂಶ ಪದರಕ್ಕೆ ಫ್ಲ್ಯಾಶ್ ಟ್ರಾನ್ಸ್‌ಲೇಶನ್ ಲೇಯರ್ (ಎಫ್‌ಟಿಎಲ್) ಎಂದು ಹೆಸರು.

ಸಾಮಾನ್ಯವಾಗಿ ಪ್ರತಿ 4 ಕಿಲೋಬೈಟ್ ದತ್ತಾಂಶಕ್ಕೆ 4 ಬೈಟ್‌ಗಳ ಒಂದು ನಮೂದು ಬೇಕಾಗುತ್ತದೆ. ಈ ಲೆಕ್ಕದಲ್ಲಿ 1 ಟೆರಾಬೈಟ್ ಸಾಮರ್ಥ್ಯದ ಸಾಧನಕ್ಕೆ ಸುಮಾರು 1 ಗಿಗಾಬೈಟ್ ಗಾತ್ರದ ಪಟ್ಟಿ ಬೇಕು. ದುಬಾರಿ ಎಸ್‌ಎಸ್‌ಡಿಗಳು ಇದಕ್ಕೆಂದೇ ಪ್ರತ್ಯೇಕ ಡಿರ‍್ಯಾಮ್ ಚಿಪ್ ಹೊಂದಿರುತ್ತವೆ. ಅಗ್ಗದ ಸಾಧನಗಳಲ್ಲಿ ನಿಯಂತ್ರಕದೊಳಗೆ ಅಲ್ಪ ಪ್ರಮಾಣದ ಎಸ್‌ರ‍್ಯಾಮ್ ಮಾತ್ರ ಇರುವುದರಿಂದ ಪಟ್ಟಿಯ ಬಹುಭಾಗ ಫ್ಲ್ಯಾಶ್‌ನಲ್ಲಿಯೇ ಉಳಿಯುತ್ತದೆ. ಬೇಕಾದ ನಮೂದು ಎಸ್‌ರ‍್ಯಾಮ್‌ನಲ್ಲಿ ಇಲ್ಲದಿದ್ದರೆ ಮೊದಲು ಪಟ್ಟಿಯನ್ನು, ಅನಂತರ ದತ್ತಾಂಶವನ್ನು, ಹೀಗೆ ಎರಡು ಬಾರಿ ಫ್ಲ್ಯಾಶನ್ನು ಓದಬೇಕಾಗುತ್ತದೆ. ಒಂದೊಂದು ಓದಿಗೂ ಹತ್ತಾರು ಮೈಕ್ರೋಸೆಕೆಂಡುಗಳು ಹಿಡಿಯುತ್ತವೆ.

ಹೋಲಿಕೆ

ಕೋಲಾರ ಜಿಲ್ಲೆಯ ಬೂದಿಕೋಟೆಯ ರೈತನೊಬ್ಬನಿಗೆ ಬಂಗಾರಪೇಟೆಯ ತಾಲ್ಲೂಕು ಕಚೇರಿಯಲ್ಲಿರುವ ಹಳೆಯ ಕಡತವೊಂದು ಬೇಕಾಗಿದೆ ಎಂದು ಭಾವಿಸಬಹುದು. ಸರ್ವೆ ನಂಬರು ಅವನಿಗೆ ತಿಳಿದಿದೆ. ಆದರೆ ಕಡತವು ಯಾವ ಕಪಾಟಿನಲ್ಲಿದೆ ಎಂಬುದು ಸೂಚಿಪುಸ್ತಕದಲ್ಲಿದೆ. ಆ ಪುಸ್ತಕವೂ ಬಂಗಾರಪೇಟೆಯಲ್ಲಿಯೇ ಇದ್ದರೆ ಅದನ್ನು ನೋಡಲು ಒಮ್ಮೆ, ಕಡತ ತರಲು ಇನ್ನೊಮ್ಮೆ ಅಲ್ಲಿಗೆ ಹೋಗಬೇಕು. ಸೂಚಿಪುಸ್ತಕದ ಪ್ರತಿಯೊಂದು ಬೂದಿಕೋಟೆಯ ನಾಡಕಚೇರಿಯಲ್ಲಿದ್ದರೆ ಒಂದೇ ಪ್ರಯಾಣ ಸಾಕು. ಆದರೆ ಕಡತಗಳ ಜಾಗ ಬದಲಾದಾಗ ಪ್ರತಿಯನ್ನೂ ತಿದ್ದಬೇಕು. ಇಲ್ಲವಾದರೆ ರೈತನು ತಪ್ಪು ಕಪಾಟಿನ ಮುಂದೆ ನಿಲ್ಲುತ್ತಾನೆ. ಇಲ್ಲಿ ಸರ್ವೆ ನಂಬರು ತಾರ್ಕಿಕ ವಿಳಾಸಕ್ಕೆ, ಕಪಾಟು ಭೌತಿಕ ವಿಳಾಸಕ್ಕೆ, ನಾಡಕಚೇರಿಯ ಪ್ರತಿಯು ಮುಖ್ಯ ಸ್ಮೃತಿಯಲ್ಲಿರುವ ಪಟ್ಟಿಗೆ ಸಮಾನ.

ಕಾರ್ಯವಿಧಾನ

ಎನ್‌ವಿಎಂಇ ಸಾಧನವು ತನಗೆ ಬೇಕಾದ ಸ್ಮೃತಿಯ ಅಪೇಕ್ಷಿತ ಹಾಗೂ ಕನಿಷ್ಠ ಪ್ರಮಾಣಗಳನ್ನು ಕಾರ್ಯಾಚರಣ ವ್ಯವಸ್ಥೆಗೆ ತಿಳಿಸುತ್ತದೆ. ವ್ಯವಸ್ಥೆಯು ರ‍್ಯಾಮ್‌ನ ಒಂದು ಭಾಗವನ್ನು ಸಾಧನಕ್ಕೆಂದು ಬಿಟ್ಟುಕೊಡುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕದ ಮೂಲಕ ನಿಯಂತ್ರಕವು ಈ ಭಾಗವನ್ನು ಪ್ರೊಸೆಸರ್‌ನ ನೆರವಿಲ್ಲದೆ ನೇರವಾಗಿ ಓದಿ ಬರೆಯಬಲ್ಲದು. ಮೇಲಿನ ಲೆಕ್ಕದಂತೆ 64 ಮೆಗಾಬೈಟ್ ಬಫರಿನಲ್ಲಿ 64 ಗಿಗಾಬೈಟ್ ದತ್ತಾಂಶದ ವಿಳಾಸಗಳು ಹಿಡಿಯುತ್ತವೆ.

ಗಣಕವನ್ನು ಆರಿಸಿದಾಗ ಅಥವಾ ವಿದ್ಯುತ್ ಹಠಾತ್ತನೆ ನಿಂತಾಗ ಬಫರಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಆದುದರಿಂದ ಬಫರನ್ನು ಯಾವ ಕ್ಷಣದಲ್ಲಿ ಕಳೆದುಕೊಂಡರೂ ಸಾಧನವು ದತ್ತಾಂಶನಷ್ಟವಿಲ್ಲದೆ ಕೆಲಸ ಮಾಡಬೇಕೆಂದು ಮಾನಕವು ವಿಧಿಸುತ್ತದೆ.

ಮೊಬೈಲ್ ಸಾಧನಗಳಲ್ಲಿ

ಎಚ್‌ಪಿಬಿಯಲ್ಲಿ ಶೇಖರಣಾ ಸಾಧನವು ಫೋನಿನ ಸ್ಮೃತಿಯನ್ನು ತಾನೇ ಓದುವುದಿಲ್ಲ. ಸಾಧನವು ಕಳುಹಿಸಿದ ವಿಳಾಸಗಳನ್ನು ಫೋನಿನ ಕಾರ್ಯಾಚರಣ ವ್ಯವಸ್ಥೆ ಉಳಿಸಿಕೊಂಡು, ಓದುವ ಆದೇಶದ ಜೊತೆಗೆ ಭೌತಿಕ ವಿಳಾಸದ ನಮೂದನ್ನೂ ಹಿಂದಿರುಗಿಸುತ್ತದೆ. ನಮೂದು ಹಳತಾಗಿದ್ದರೆ ಸಾಧನವು ಅದನ್ನು ಬದಿಗಿಟ್ಟು ತನ್ನ ಪಟ್ಟಿಯನ್ನೇ ಬಳಸುತ್ತದೆ. 2017ರ ಹಾಟ್‌ಸ್ಟೋರೇಜ್ ಕಾರ್ಯಾಗಾರದಲ್ಲಿ ಸ್ಯಾಮ್‌ಸಂಗ್ ಸಂಶೋಧಕರು ಮಂಡಿಸಿದ ಪ್ರಬಂಧವು ಯಾದೃಚ್ಛಿಕ ಓದಿನಲ್ಲಿ ಗರಿಷ್ಠ 67% ಸುಧಾರಣೆಯನ್ನು ವರದಿ ಮಾಡಿತು. ಜೆಡೆಕ್ ಸಂಸ್ಥೆಯು 2020ರಲ್ಲಿ ಎಚ್‌ಪಿಬಿಯನ್ನು ಯುಎಫ್ಎಸ್ 3.1ರ ಐಚ್ಛಿಕ ವಿಸ್ತರಣೆಯಾಗಿ ಪ್ರಕಟಿಸಿತು. 2021ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ ಇದರ ಬೆಂಬಲವನ್ನು 2023ರಲ್ಲಿ ತೆಗೆದುಹಾಕಲಾಯಿತು.

ಮಿತಿಗಳು

ಈ ತಂತ್ರದ ಲಾಭ ಚದುರಿದ ಸಣ್ಣ ಓದುಗಳಲ್ಲಿ ಹೆಚ್ಚು. ಚಲನಚಿತ್ರದಂತಹ ದೊಡ್ಡ ಕಡತವನ್ನು ಅನುಕ್ರಮವಾಗಿ ಓದುವಾಗ ಕಡಿಮೆ. ಓದುವ ವ್ಯಾಪ್ತಿಯು ಬಫರಿನ ಹಿಡಿತವನ್ನು ಮೀರಿದರೂ ಲಾಭ ಕುಗ್ಗುತ್ತದೆ. ಸಾಟಾ ಸಂಪರ್ಕದ ಎಸ್‌ಎಸ್‌ಡಿಗಳಿಗಾಗಲಿ ಯುಎಸ್‌ಬಿ ಪೆಟ್ಟಿಗೆಯಲ್ಲಿರಿಸಿದ ಎನ್‌ವಿಎಂಇ ಸಾಧನಗಳಿಗಾಗಲಿ ಎಚ್‌ಎಂಬಿ ಲಭಿಸುವುದಿಲ್ಲ.

ಸ್ಮೃತಿಯ ಹಂಚಿಕೆಯಲ್ಲಿ ಸಾಧನವೂ ಕಾರ್ಯಾಚರಣ ವ್ಯವಸ್ಥೆಯೂ ಹೊಂದಿಕೊಳ್ಳದಿದ್ದರೆ ಇಡೀ ಗಣಕವೇ ಕುಸಿಯಬಹುದು. 2024ರ ಅಕ್ಟೋಬರ್‌ನಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಅಳವಡಿಸಿಕೊಂಡ ಕೆಲವು ಗಣಕಗಳಲ್ಲಿ ನೀಲಿ ಪರದೆಯ ದೋಷ ಕಾಣಿಸಿತು. ವೆಸ್ಟರ್ನ್ ಡಿಜಿಟಲ್‌ನ ಕೆಲವು ಡಿರ‍್ಯಾಮ್‌ರಹಿತ ಎಸ್‌ಎಸ್‌ಡಿಗಳು ಕೇಳಿದ 200 ಮೆಗಾಬೈಟ್ ಸ್ಮೃತಿಯನ್ನು ಹೊಸ ಆವೃತ್ತಿಯು ಪೂರ್ಣವಾಗಿ ನೀಡಿದ್ದು ಇದಕ್ಕೆ ಹಿನ್ನೆಲೆಯಾಗಿತ್ತು. ಹಿಂದಿನ ಆವೃತ್ತಿಗಳು 64 ಮೆಗಾಬೈಟ್ ಮಾತ್ರ ನೀಡುತ್ತಿದ್ದವು. ಸಂಸ್ಥೆಯು ಫರ್ಮ್‌ವೇರ್ ಪರಿಷ್ಕರಣೆಯ ಮೂಲಕ ಇದನ್ನು ಸರಿಪಡಿಸಿತು.

ಕರ್ನಾಟಕದಲ್ಲಿ

ಫ್ಲ್ಯಾಶ್ ಶೇಖರಣೆಯನ್ನು ತಯಾರಿಸುವ ಸ್ಯಾಮ್‌ಸಂಗ್, ಮೈಕ್ರಾನ್ ಮತ್ತು ಸ್ಯಾನ್‌ಡಿಸ್ಕ್ ಸಂಸ್ಥೆಗಳು ಬೆಂಗಳೂರಿನಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರಗಳನ್ನು ಹೊಂದಿವೆ.