ಕಾಡಂಚಿನ ಕೋವಿ ಮತ್ತು ಶ್ರಾವಕನ ವ್ರತ

ಚುನಾವಣೆ ಘೋಷಣೆಯಾಯಿತೆಂದರೆ ಅಂಕೋಲಾ, ಕಾರವಾರ ತಾಲ್ಲೂಕುಗಳ ಕಾಡಂಚಿನ ರೈತರಿಗೆ ಒಂದು ಚಿಂತೆ ಹೆಚ್ಚುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಮತ ಎಣಿಕೆ ಮುಗಿದ ಬಳಿಕವೇ ಅದು ಮರಳುವುದು. ಲೋಕಸಭಾ ಚುನಾವಣೆಯ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಅಂಕೋಲೆಯ ಕರಿ ಈಶಾಡು ಮಾವು ಹಣ್ಣಾಗುತ್ತದೆ, ಮಂಗಗಳು ತೋಟಕ್ಕಿಳಿಯುತ್ತವೆ. ರೈತರ ಅಳಲು ನ್ಯಾಯವಾದದ್ದೇ. ಪ್ರತಿಯೊಂದು ಪ್ರಕರಣವನ್ನೂ ಪರಿಶೀಲಿಸುವ ಸಮಿತಿ ಜಿಲ್ಲೆಯಲ್ಲಿರಬೇಕೆಂದು ಚುನಾವಣಾ ಆಯೋಗವೇ ಸೂಚಿಸಿದೆ.

ಅಮೆರಿಕದಲ್ಲಿ ಬಂದೂಕಿನ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಡೀ ದೇಶಕ್ಕೆ ಒಂದೇ ಕಟ್ಟುನಿಟ್ಟು ಬೇಕೇ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಶಸ್ತ್ರಾಸ್ತ್ರಗಳ ವಿಷಯ ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದೆ. ಬ್ರಿಟಿಷರ 1878ರ ಕಾಯ್ದೆಯ ಸ್ಥಾನದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದಿತು. ಒಬ್ಬನಿಗೆ ಮೂರು ಬಂದೂಕುಗಳೆಂಬ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಕೊಡವರಿಗಿರುವ ವಿನಾಯಿತಿ ಉತ್ತರ ಕನ್ನಡದವರಿಗಿಲ್ಲ. ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ಪರವಾನಗಿ ಬೇಕೇ ಬೇಕು. ನಿಜವಾದ ಬೆಳೆ ರಕ್ಷಣೆಗೆ ಬೇಕಾದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಆ ಕಾಯ್ದೆಯೇ ಪ್ರತ್ಯೇಕವಾಗಿ ಹೆಸರಿಸುತ್ತದೆ.

ಹಾಗಾದರೆ ಮನೆಯಲ್ಲಿ ಕೋವಿ ಇದ್ದ ಮಾತ್ರಕ್ಕೆ ಶ್ರಾವಕನ ಅಹಿಂಸಾಣುವ್ರತ ಭಂಗವಾಯಿತೇ? ಜೈನಾಚಾರ್ಯರು ಈ ಪ್ರಶ್ನೆಯನ್ನು ಸುಲಭಗೊಳಿಸಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಬೇಕೆಂದರು. ಉಳಿದವು ಅವನಿಗೆ ಅನಿವಾರ್ಯವೇ ಹೊರತು ಪುಣ್ಯವಲ್ಲ. ಗದ್ದೆಗೆ ನುಗ್ಗಿದ ಹಂದಿಯನ್ನು ಗಾಳಿಯಲ್ಲಿ ಗುಂಡು ಹಾರಿಸಿ ಅಟ್ಟುವವನೂ, ಅದೇ ಕೋವಿ ಹಿಡಿದು ಮಾಂಸಕ್ಕಾಗಿ ಕಾಡು ಹೊಕ್ಕುವವನೂ ಒಂದೇ ಅಲ್ಲ. ಎರಡನೆಯವನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ಅಪರಾಧಿ.

ಆದರೆ ಸೂಕ್ಷ್ಮ ಇರುವುದು ಕೊಡುವವನ ಕೈಯಲ್ಲಿ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವನ್ನೂ ಎಣಿಸುತ್ತದೆ. ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ ಮೊದಲಾದ ವಧಸಾಧನಗಳನ್ನು ಇನ್ನೊಬ್ಬರ ಕೈಗಿಡುವುದೇ ದೋಷ. ನೆರೆಯವನು ಒಂದು ರಾತ್ರಿಗೆಂದು ಕೋವಿ ಕೇಳಿದಾಗ ದಾಕ್ಷಿಣ್ಯಕ್ಕೆ ಕೊಡುವುದು ಹಳ್ಳಿಗಳಲ್ಲಿ ದೊಡ್ಡ ವಿಷಯವೆನಿಸದು. ಪರವಾನಗಿ ಇಲ್ಲದವನಿಗೆ ಕೊಟ್ಟರೆ ಕಾನೂನಿನಲ್ಲಿ ಕೊಟ್ಟವನಿಗೂ ಶಿಕ್ಷೆಯುಂಟು. ಈ ಒಂದು ಮಾತಿನಲ್ಲಿ ಶಾಸನವೂ ಶ್ರಾವಕಾಚಾರವೂ ಬಹಳ ಹತ್ತಿರ ನಿಂತಿವೆ.

ಇನ್ನು ಹಂದಿಯ ದಾರಿಯಲ್ಲಿ ದಾರ ಕಟ್ಟಿ ಇಡುವ ಕಳ್ಳಕೋವಿಯ ಮಾತು. ಕಟ್ಟಿದವನು ಮನೆಯಲ್ಲಿ ನಿದ್ರಿಸುತ್ತಿರುತ್ತಾನೆ. ದಾರ ತಗಲುವ ಕಾಲು ಹಂದಿಯದೋ, ಸೌದೆಗೆ ಬಂದ ಹೆಂಗಸಿನದೋ ಕೋವಿಗೆ ತಿಳಿಯದು. ಪ್ರಮಾದವೇ ಹಿಂಸೆಯ ಬೇರೆಂದ ಜಿನಾಗಮಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನನ್ನು ಮುರಿದ ಅಂಕೋಲೆ ಒಂದು ಸಾಮ್ರಾಜ್ಯವನ್ನು ಬರಿಗೈಯಲ್ಲಿ ಎದುರಿಸಿದ ಊರು. ಹಂದಿಗೆ ಸತ್ಯಾಗ್ರಹ ತಿಳಿಯದು, ನಿಜ. ಆದರೆ ಮಾಳದ ಕಾವಲು, ಡಬ್ಬದ ಸದ್ದು, ಸೌರಬೇಲಿ ಇವು ರೈತನಿಗೆ ಹೊಸವಲ್ಲ. ಬೆಳೆನಷ್ಟದ ಪರಿಹಾರ ಅರ್ಜಿ ಕೊಟ್ಟ ಹಂಗಾಮಿನಲ್ಲಿಯೇ ಕೈಸೇರಿದರೆ ಅವನು ಕೋವಿಯತ್ತ ನೋಡುವ ರಾತ್ರಿಗಳು ಕಡಿಮೆಯಾದಾವು.