ಕೈತೋಟಕ್ಕೆ ಹೊತ್ತೆಲ್ಲಿದೆ?



ಯುಗಾದಿಯ ಹಿಂದುಮುಂದೆ ಗೊಬ್ಬರ ಹೊಡೆಯುವುದು, ಉಳುಮೆ, ಮದುವೆ, ಜಾತ್ರೆ ಎಲ್ಲವೂ ಒಟ್ಟಿಗೆ ಬರುತ್ತವೆ. ‘ತರಕಾರಿಗೆ ಹೊತ್ತೆಲ್ಲಿದೆ ಸ್ವಾಮಿ?’ ಎಂದು ನೀವು ಕೇಳುವುದು ಸಹಜ. ಆದರೆ ಮನೆಮಂದಿ ಸೊಪ್ಪಿಲ್ಲದೆ ಬರೀ ಕಾಳುಸಾರಿನಲ್ಲಿ ಮುದ್ದೆ ಉಣ್ಣುವುದೂ ಈ ದಿನಗಳಲ್ಲಿಯೇ. ಮಕ್ಕಳಿಗೆ ಇರುಳುಗಣ್ಣು ಬಾರದಂತೆ ಕಾಯುವ ‘ಎ’ ಜೀವಸತ್ವವನ್ನು ಹಸಿರು ಸೊಪ್ಪು ಒದಗಿಸುತ್ತದೆ.

ಕೈತೋಟದಲ್ಲಿ ಹೆಚ್ಚು ಹೊತ್ತು ತಿನ್ನುವುದು ನೀರು ಹೊರುವ ಕೆಲಸ. ಆದ್ದರಿಂದ ಬಚ್ಚಲ ನೀರು ತಾನಾಗಿ ಹರಿದು ಬರುವ ಕಡೆ ಮಡಿ ಮಾಡಿ. 10 ಅಡಿ ಉದ್ದ, 4 ಅಡಿ ಅಗಲದ ಎರಡು ಮಡಿ ಸಾಕು. ದೊಡ್ಡ ತೋಟಕ್ಕೆ ಕೈಹಾಕಿದವರು ಅರ್ಧಕ್ಕೆ ಬಿಡುವುದೇ ಹೆಚ್ಚು. ಒಂದರಲ್ಲಿ ದಂಟಿನ ಬೀಜವನ್ನು ಮರಳಿನೊಡನೆ ಬೆರೆಸಿ ಎರಚಿ. 25-30 ದಿನಕ್ಕೆ ಸೊಪ್ಪು ಸಿಗುತ್ತದೆ. ಇನ್ನೊಂದರಲ್ಲಿ ರಾತ್ರಿಯಿಡೀ ನೆನೆಸಿದ ಬೆಂಡೆ ಬೀಜ ಊರಿ. 45-50 ದಿನಕ್ಕೆ ಕಾಯಿ. ಬಚ್ಚಲ ಬದಿಗೆ ಬಸಳೆ ಕಡ್ಡಿ ನೆಟ್ಟರೆ ಕೊಯ್ದಷ್ಟೂ ಚಿಗುರುತ್ತದೆ. ಬುಡಕ್ಕೆ ತರಗೆಲೆ ಹೊದಿಸಿದರೆ ತೇವ ಬೇಗ ಆರದು, ಕಳೆಯೂ ಕಡಿಮೆ. ಕೋಳಿ ಕೆದಕದಂತೆ ಸುತ್ತ ಮುಳ್ಳು ಇಡಿ. ಬಟ್ಟೆ ಒಗೆದ ಸೋಪಿನ ನೀರನ್ನು ಮಾತ್ರ ಮಡಿಗೆ ಬಿಡದೆ ಬೇರೆ ಕಡೆ ತಿರುಗಿಸಿ. ಸೊಪ್ಪನ್ನು ಚೆನ್ನಾಗಿ ತೊಳೆದೇ ಬೇಯಿಸಿ.

ಇದನ್ನೂ ಹೆಂಗಸರ ತಲೆಗೇ ಕಟ್ಟಬೇಡಿ. ಸಂಜೆ ದನ ಕಟ್ಟಿದ ಮೇಲೆ ನೀರು ತಿರುವಿ ಕಳೆ ಕೀಳುವುದು ಗಂಡಸರಿಗೂ ಕಾಲು ಗಂಟೆಯ ಕೆಲಸ. ಯುಗಾದಿಗೆ ಮೊದಲೇ ಬೀಜ ಎರಚಿದರೆ ಭರಣಿ ಮಳೆಯ ಹೊತ್ತಿಗೆ ಮೊದಲ ಕೊಯ್ಲು ಸಾರಿಗೆ ಬಂದಿರುತ್ತದೆ.